ಹಿತ್ತಲ ಗೋಡೆಯ ಚೊಂಬು

ಇಮಾಂಬೀ ಅವ್ವನಿಗೆ, ಗೋಡೆಯ ಈಚೆ ಮನೆಯ ಹೇಮಾ ಮಾಡುವ ನಮಸ್ಕಾರ.

ಈ ಕಾಗದವನ್ನು ನಿನ್ನ ಮೊಮ್ಮಗಳು ಖುಷ್ಬೂ ನಿನಗೆ ಓದಿ ಹೇಳುತ್ತಿದ್ದಾಳೆ ಎಂದುಕೊಂಡಿದ್ದೇನೆ. ನೀನು ಬಾಗಿಲ ಬಳಿ ಬೆಳಕಿಗೆ ಕೂತು, ಮಡಿಲಲ್ಲಿ ಜೀನ್ಸ್ ಪ್ಯಾಂಟು ಹರಡಿಕೊಂಡು, ಹೊಲಿಗೆಯ ತುದಿಯಲ್ಲಿ ಉಳಿದ ದಾರಗಳನ್ನು ಕತ್ತರಿಸುತ್ತಿರಬಹುದು. ಕತ್ತರಿ ಕೆಳಗಿಡು ಅವ್ವ. ಇದನ್ನು ಕೈ ಖಾಲಿ ಮಾಡಿಕೊಂಡು ಕೇಳಬೇಕು. ಖುಷ್ಬೂ, ಗಡಬಡಿಸಬೇಡ. ಅಳು ಬಂದರೆ ನಿಲ್ಲಿಸು, ಆದರೆ ನಡುವೆ ಬಿಡಬೇಡ. ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ ಗಂಟನ್ನು ಈಗಲೇ ಬಿಚ್ಚಬೇಡ. ಯಾವಾಗ ಬಿಚ್ಚಬೇಕೆಂದು ಹೇಳುತ್ತೇನೆ.

ಹೋದ ವಾರ ಪರೀಕ್ಷೆ ಬರೆಯಲು ಬಳ್ಳಾರಿಗೆ ಬಂದವಳು ನಿನ್ನ ಮನೆಗೂ ಬಂದಿದ್ದೆ. ಕೌಲ್ ಬಜಾರಿನ ಆ ಸಣ್ಣ ಓಣಿ, ಬಾಗಿಲಿಗೊಂದು ನೀಲಿ ಡ್ರಮ್ಮು, ಒಳಗೆ ನಿನ್ನ ಮಗ ಅಲ್ತಾಫ್ ಕಾಕಾನ ಹೊಲಿಗೆ ಯಂತ್ರದ ಸದ್ದು. ನೀನು ನನ್ನನ್ನು ಗುರುತು ಹಿಡಿದೆ. 'ಬಾ' ಎಂದೆ. ಚಾಪೆ ಹಾಸಿದೆ. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ನಾನು ಬಹಳ ಹೊತ್ತು ಕೂತಿದ್ದೆ. ಮನೆಗೆ ಬಂದವರ ಕೈಗೆ ಮಾತಿಗೂ ಮೊದಲು ನೀರಿನ ಗಿಲಾಸು ಕೊಡುವವಳು ನೀನು. ಅಂಚೆಯವನನ್ನೂ, ಬಳೆ ಮಾರುವವಳನ್ನೂ, ಹಾದಿ ತಪ್ಪಿ ಬಂದವರನ್ನೂ ನೀರು ಕುಡಿಸದೆ ಕಳಿಸಿದವಳಲ್ಲ. ನನಗೆ ಒಂದು ಗುಟುಕು ನೀರು ಕೊಡಲಿಲ್ಲ. ನಿನ್ನ ಮನಸ್ಸಿನಲ್ಲಿ ನಮ್ಮ ಓಣಿಯ ಮೇಲೆ ಅಷ್ಟು ಸಿಟ್ಟು ಉಳಿದಿದೆ ಎಂದುಕೊಂಡು ಎದ್ದು ಬಂದೆ.

ಬಸ್ ನಿಲ್ದಾಣದ ತನಕ ಬಿಡಲು ಬಂದ ಖುಷ್ಬೂ ದಾರಿಯಲ್ಲಿ ಹೇಳಿದಳು. 'ಸಿಟ್ಟಲ್ಲ ಅಕ್ಕ. ಅಜ್ಜಿ ಯಾರಿಗೂ ನೀರು ಕೊಡಂಗಿಲ್ಲ ಈಗ. ನನಗೂ ಕೊಡಂಗಿಲ್ಲ. ತಾನು ಕುಡಿಯೋವಾಗ್ಲೂ ಗಿಲಾಸು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡ್ತಾಳ. ಬೆಲ್ಲ ಅಂತೂ ಮನಿಯಾಗ ತರೋ ಹಂಗ ಇಲ್ಲ. ನಿದ್ದಿಗಣ್ಣಾಗ ಒಂದ ಮಾತು: ಚೆನ್ನಕ್ಕಗ ನಾನ ಕುಡಿಸಿ ಕೊಂದೆ, ನಾನ ಕುಡಿಸಿ ಕೊಂದೆ. ನಿಮ್ಮ ಅಜ್ಜಿ ನಮ್ಮ ಶರಬತ್ತು ಯಾವಾಗ ಕುಡದಿದ್ರು ಅಕ್ಕ? ಅವರು ಹೊರಗಿನ ನೀರ ಮುಟ್ಟತಿರಲಿಲ್ಲಲ್ಲ?'

ಬಸ್ಸು ಬಂತು. ನಾನು ಹತ್ತಿದೆ. ನನಗೆ ತಕ್ಷಣಕ್ಕೆ ಮಾತು ಬರುವುದಿಲ್ಲ, ನಿನಗೆ ಗೊತ್ತು. 'ಈ ಹುಡುಗಿ ಬಾಯಿಗೆ ಬೀಗ ಹಾಕಿ ಕೀಲಿ ಹಗರಿ ಹಳ್ಳಕ್ಕ ಒಗದಾರ' ಎಂದು ನೀನೇ ನಗುತ್ತಿದ್ದೆ. ಕೋಳೂರು ದಾಟುವಾಗ ಇಳಿದು ಹಿಂದಕ್ಕೆ ಬಂದುಬಿಡಲೇ ಅನ್ನಿಸಿತು. ಬಂದಿದ್ದರೂ ನಿನ್ನೆದುರು ಕೂತು ಇಷ್ಟನ್ನು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಅವ್ವ, ನೀನು ನಮ್ಮ ಅಜ್ಜಿಯನ್ನು ಕೊಲ್ಲಲಿಲ್ಲ. ಇದು ಸಮಾಧಾನದ ಮಾತಲ್ಲ. ಕಣ್ಣಾರೆ ಕಂಡದ್ದು.

ಮೊದಲು ಒಂದು ವಿಷಯ. ನಿನಗೂ ಅಜ್ಜಿಗೂ ಮಾತ್ರ ಗೊತ್ತು ಎಂದು ನೀವಿಬ್ಬರೂ ತಿಳಿದುಕೊಂಡಿದ್ದದ್ದು ನನಗೂ ಗೊತ್ತಿತ್ತು. ಸಣ್ಣವಳಿದ್ದಾಗಿನಿಂದ ನನಗೆ ಓದಲು ಜಾಗವೆಂದರೆ ನಮ್ಮ ಮಾಳಿಗೆ. ಒಣಹಾಕಿದ ಮೆಣಸಿನಕಾಯಿಯ ಪಕ್ಕ, ಕುಂಬಿಗೋಡೆಯ ನೆರಳಲ್ಲಿ ಮುದುರಿ ಕೂತರೆ ಕೆಳಗಿನವರಿಗೆ ಕಾಣುತ್ತಿರಲಿಲ್ಲ. ನನಗೆ ಮಾತ್ರ ಎರಡೂ ಹಿತ್ತಲು ಕಾಣುತ್ತಿದ್ದವು, ನಡುವಿನ ಎದೆಮಟ್ಟದ ಗೋಡೆ ಕಾಣುತ್ತಿತ್ತು.

ಅಜ್ಜಿಯ ನೇಮ ಊರಿಗೇ ಗೊತ್ತಿತ್ತು. ಕೊರಳಲ್ಲಿ ಲಿಂಗ, ಹೋದಲ್ಲೆಲ್ಲ ಕೈಯಲ್ಲಿ ಸ್ವಂತದ ಹಿತ್ತಾಳೆ ಚೊಂಬು. ಮದುವೆ ಮನೆಯಲ್ಲೂ ಅದೇ, ಮಗಳ ಮನೆಯಲ್ಲೂ ಅದೇ. ಮೊಹರಮ್ಮಿನ ಪೀರಲ ಹಬ್ಬದ ದಿನ ಊರೆಲ್ಲ ಮಸೂತಿಯ ಮುಂದೆ ನಿಂತು ನಿನ್ನ ಕೈಯ ಬೆಲ್ಲದ ಶರಬತ್ತು ಕುಡಿಯುತ್ತಿತ್ತು. ನಮ್ಮ ಅಪ್ಪ, ಅಮ್ಮ, ನಾನು ಎಲ್ಲರೂ ಕುಡಿಯುತ್ತಿದ್ದೆವು. ಅಜ್ಜಿ ಮಾತ್ರ ಬಾಗಿಲು ದಾಟುತ್ತಿರಲಿಲ್ಲ. ಆದರೆ ಅವತ್ತು ಬೆಳಿಗ್ಗೆ ಪೂಜೆ ಮುಗಿಸಿ ಆಕೆ ತನ್ನ ಚೊಂಬನ್ನು ಬೆಳಗಿ, ಖಾಲಿ ಚೊಂಬನ್ನು ಹಿತ್ತಲ ಗೋಡೆಯ ಮೇಲೆ ಇಟ್ಟುಬರುತ್ತಿದ್ದಳು. ಮಧ್ಯಾಹ್ನ ಹಲಗೆ ಬಡಿಯುವ ಸದ್ದು ಜೋರಾದಾಗ, ಯಾರೂ ಹಿತ್ತಲಿನ ಕಡೆ ಸುಳಿಯದ ಹೊತ್ತಲ್ಲಿ, ನೀನು ಬರುತ್ತಿದ್ದೆ. ಕಂಠದ ತನಕ ಶರಬತ್ತು ಸುರಿದು, ಬೇವಿನ ತೊಪ್ಪಲು ಮುಚ್ಚಿ, 'ಅಕ್ಕಾ' ಎಂದು ಒಂದೇ ಸಲ ಮೆಲ್ಲಗೆ ಕೂಗಿ ಹೋಗಿಬಿಡುತ್ತಿದ್ದೆ. ಅಜ್ಜಿ 'ಓ' ಅನ್ನುತ್ತಿರಲಿಲ್ಲ. ಆ ಒಂದು ಕೂಗಿಗೆ ಉತ್ತರ ಕೊಡಬಾರದೆಂಬುದು ನಿಮ್ಮ ಒಪ್ಪಂದವಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು, ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಚೊಂಬು ಅವಳದೇ ಆಗಿದ್ದರಿಂದ ನೇಮ ಮುರಿಯಲಿಲ್ಲ ಎಂದು ತನ್ನ ಲಿಂಗಕ್ಕೆ ಹೇಗೆ ಒಪ್ಪಿಸುತ್ತಿದ್ದಳೋ. ಮಾರನೆಯ ದಿನ ಮಾತ್ರ ಗೋಡೆಯಾಚೆಗೆ ಕೇಳಿಸುವ ಹಾಗೆ ಅನ್ನುತ್ತಿದ್ದಳು: 'ಈ ವರ್ಷ ಸೋಂಪು ಕಮ್ಮಿ ಆತು ಅಂತ ಮಂದಿ ಅಂತಿದ್ರಪಾ. ಕೈ ಗಿಡ್ಡಾದವೇನ?' ನೀನು ಆ ಕಡೆಯಿಂದ, 'ಕುಡೀಲಾರದ ಮಂದೀಗೆ ಬಾಯಿ ಜಾಸ್ತಿ' ಅನ್ನುತ್ತಿದ್ದೆ.

ನೀವಿಬ್ಬರೂ ಸಿರುಗುಪ್ಪದ ಕಡೆಯಿಂದ ಸೊಸೆಯರಾಗಿ ಬಂದವರು. ಅಜ್ಜಿ ಕೆಂಚನಗುಡ್ಡದವಳು, ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ತುಂಬಿದವಳು. ನೀನು ದೇಶನೂರಿನ ಭತ್ತದ ಗದ್ದೆಗಳ ನಡುವಿನಿಂದ ಬಂದವಳು. ನಮ್ಮೂರಿಗೆ ಬಂದ ಹೊಸದರಲ್ಲಿ ಇಲ್ಲಿಯ ಸವಳು ನೀರು ಬಾಯಿಗಿಟ್ಟು ಇಬ್ಬರೂ ಅತ್ತಿದ್ದಿರಂತೆ; ಅಳುವ ಸದ್ದು ಕೇಳಿಯೇ ಗೋಡೆಯ ಮೇಲಿಂದ ಇಣುಕಿ ಪರಿಚಯವಾದದ್ದಂತೆ. ಬೇಳೆ ಬೇಯದ ನೀರು, ಸಾಬೂನು ನೊರೆಯಾಗದ ನೀರು, ಹುಡುಗರ ಹಲ್ಲಿನ ಮೇಲೆ ಹಳದಿ ಗೆರೆ ಎಳೆಯುವ ನೀರು. ಕಾಲುವೆಯ ನೀರು ಕೆರೆಗೆ ಬಿಟ್ಟು, ಅಲ್ಲಿಂದ ಟ್ಯಾಂಕಿಗೆ ಏರಿಸಿ ನಳಕ್ಕೆ ಕೊಟ್ಟ ದಿನ ನೀವಿಬ್ಬರೂ ಕೊಡದ ಬಾಯಿಗೆ ಅರಿಶಿಣ ಹಚ್ಚಿದ ಕಥೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಾಳೋ. ಸಿಹಿ ನೀರು ಬಂದ ಮೇಲೆ ನೀನು ಬೋರಿನ ನೀರಲ್ಲಿ ಶರಬತ್ತು ಮಾಡಲಿಲ್ಲ. ಕಾಲುವೆಗೆ ಹೊಸ ನೀರು ಬಿಟ್ಟಿದ್ದರೆ ಇನ್ನೂ ಸಂತೋಷ. ಹೊಸ ನೀರು ಕೆಂಪಗಿದ್ದರೂ ಪಟಿಕ ತಿರುವಿ, ಬಿಳಿ ಬಟ್ಟೆಯಲ್ಲಿ ಸೋಸಿದರೆ ಆಯಿತು ಎಂದು ನಾವೆಲ್ಲ ನಂಬಿದ್ದೆವು. ಬಟ್ಟೆಯಲ್ಲಿ ಕಸ ನಿಲ್ಲುತ್ತದೆ. ಕಸವಲ್ಲದ್ದು ನಿಲ್ಲುವುದಿಲ್ಲ ಎಂದು ನಮಗೆ ಯಾರೂ ಹೇಳಿರಲಿಲ್ಲ.

ನಮ್ಮ ಓಣಿಯ ನಳದ ಗುಂಡಿಗಳು ನಿನಗೆ ನೆನಪಿರಬೇಕು. ನಾಲ್ಕೈದು ದಿನಕ್ಕೊಮ್ಮೆ ಬರುವ ನೀರು ಓಣಿಯ ಕೊನೆಗೆ ಏರುತ್ತಿರಲಿಲ್ಲ. ಮೊದಲು ನಾವು ನಳವನ್ನು ಮೊಣಕಾಲಿನಷ್ಟು ಕೆಳಗೆ ಇಳಿಸಿದೆವು. ನೀವು ಇನ್ನೂ ಕೆಳಗೆ ಇಳಿಸಿದಿರಿ. ಗಿಡ್ಡಮ್ಮ ಗುಂಡಿ ತೋಡಿಸಿ, ನಳದ ತಲೆಯನ್ನೇ ಕತ್ತರಿಸಿ, ಪೈಪಿನ ಬಾಯಿಗೆ ಬರೀ ಚಿಂದಿ ತುರುಕಿದಳು. ಆಮೇಲೆ ಒಂದೊಂದೇ ಮನೆಗೆ ಮೋಟಾರು ಬಂತು. ಪಕ್ಕದಲ್ಲೇ ಚರಂಡಿ. ಮಳೆ ಬಂದರೆ ಚರಂಡಿ ಗುಂಡಿಗಿಳಿಯುತ್ತದೆ. ನೀರು ನಿಂತ ಮೇಲೆ, ಮುಂದಿನ ಸರದಿ ಬರುವ ತನಕ, ಖಾಲಿ ಪೈಪಿನ ಬಾಯಿ ಆ ಗುಂಡಿಯಲ್ಲಿ ಮುಳುಗಿಯೇ ಇರುತ್ತದೆ. ಮೋಟಾರು ಹಚ್ಚಿದರೆ ಅದು ಟ್ಯಾಂಕಿನ ನೀರು, ಚರಂಡಿಯ ನೀರು ಎಂದು ಆರಿಸುವುದಿಲ್ಲ. ಎದುರಿಗೆ ಬಂದದ್ದನ್ನು ಎಳೆಯುತ್ತದೆ. ನೀರು ಬಿಡುವ ಮಾರೆಣ್ಣ ಬೈಯುತ್ತಲೇ ಇದ್ದ: 'ಗುಂಡಿ ಮುಚ್ಚರ್ಲೇ, ಪಾಯಿಖಾನಿ ಕುಡಿಯಾಕತ್ತೀರಿ.' ಓಣಿಯ ಉತ್ತರವೂ ಸಿದ್ಧವಿತ್ತು: 'ನೀ ಜೋರಾಗಿ ನೀರು ಬಿಡು, ನಾವು ಮುಚ್ಚತೀವಿ.' ಇಬ್ಬರ ಮಾತೂ ನಿಜವಾಗಿದ್ದರಿಂದ ಯಾರೂ ಏನೂ ಮಾಡಲಿಲ್ಲ.

ಕಳೆದ ವರ್ಷ ಹಬ್ಬಕ್ಕೆ ಮುಂಚೆ ಎರಡು ದಿನ ಮಳೆ ಸುರಿದದ್ದು ನೆನಪಿದೆಯಲ್ಲ? ಹಬ್ಬದ ಮುನ್ನಾದಿನ ನೀರು ಬಿಟ್ಟರು. ನೆಂಟರು ಬರುತ್ತಾರೆಂದು ಓಣಿಯ ಎಲ್ಲ ಮೋಟಾರುಗಳೂ ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ನೀರು ಕೆಂಪಗಿತ್ತು. 'ಹೊಸ ನೀರು' ಎಂದು ಅಜ್ಜಿ ಖುಷಿಪಟ್ಟಳು. ಎಂದಿನ ಹಾಗೆ ಪೂಜೆಗೆ ಒಂದು ತಂಬಿಗೆ ಎತ್ತಿಟ್ಟು, ಒಂದು ಚೊಂಬು ಸೋಸಿ ಗಟಗಟ ಕುಡಿದಳು. ನಿನ್ನ ಶರಬತ್ತಿನ ಡ್ರಮ್ಮು ಆಗ ಇನ್ನೂ ಖಾಲಿಯಿತ್ತು, ಅವ್ವ. ಬೆಲ್ಲ ಇನ್ನೂ ಸಂತೆಯ ಚೀಲದಲ್ಲಿತ್ತು.

ಹಬ್ಬದ ದಿನ ಬೆಳಗಾಗುವಾಗಲೇ ಅಜ್ಜಿ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಾಡುತ್ತಿದ್ದಳು. 'ನಿನ್ನಿ ಬದನಿಕಾಯಿ ಆಗಿಬರಲಿಲ್ಲ' ಎಂದಳು. ಆ ಸ್ಥಿತಿಯಲ್ಲೂ ಚೊಂಬು ಬೆಳಗಿ ಗೋಡೆಯ ಮೇಲಿಟ್ಟಳು; ಅದನ್ನು ನಾನು ನೋಡಿದೆ. ಬಿಸಿಲೇರುವಷ್ಟರಲ್ಲಿ ವಾಂತಿ ಶುರುವಾಯಿತು. ಮೈಯೆಲ್ಲ ತಣ್ಣಗೆ, ಕಣ್ಣು ಒಳಕ್ಕೆ, ಕೈಬೆರಳುಗಳ ತುದಿ ಬಹಳ ಹೊತ್ತು ನೀರಲ್ಲಿಟ್ಟ ಹಾಗೆ ಮುದುಡಿದ್ದವು. ಅಮ್ಮನೂ ನಾನೂ ಉಪ್ಪು ಸಕ್ಕರೆ ಕಲಸಿ ಚಮಚದಿಂದ ಕುಡಿಸಿದೆವು. ಟಿವಿಯಲ್ಲಿ, ಶಾಲೆಯಲ್ಲಿ ಹೇಳಿಕೊಟ್ಟಂತೆಯೇ ಮಾಡಿದೆವು. ನೀರು ಮಾತ್ರ ಅದೇ ಕೊಡದ್ದು. ಆಕೆ ಕಾರಿದಷ್ಟೂ ಕುಡಿಸಿದೆವು. ಕುಡಿಸಿದವರು ಯಾರು ಎಂಬ ಪ್ರಶ್ನೆ ನಿನ್ನನ್ನು ನಿದ್ದೆಯಲ್ಲಿ ಕಾಡುತ್ತಿದ್ದರೆ, ಉತ್ತರ ಇದು: ನಾವು. ಪ್ರೀತಿಯಿಂದ, ಚಮಚ ಚಮಚವಾಗಿ. ಅಮ್ಮ ಈ ಮಾತನ್ನು ಇವತ್ತಿಗೂ ಬಾಯಿಬಿಟ್ಟು ಆಡಿಲ್ಲ. ಆದರೆ ಆ ಚಮಚ ನಮ್ಮ ಅಡುಗೆಮನೆಯಲ್ಲಿ ಈಗ ಇಲ್ಲ.

ಮಧ್ಯಾಹ್ನಕ್ಕೆ ಮುಂಚೆಯೇ ಅಪ್ಪ ಆಟೋ ತರಿಸಿ ಅಜ್ಜಿಯನ್ನು ಕುರುಗೋಡಿಗೆ ಒಯ್ದ. ಅಮ್ಮನೂ ಹೋದಳು. ನನಗೂ ಹೊಟ್ಟೆ ತೊಳಸುತ್ತಿದ್ದುದರಿಂದ ಒಳಕೋಣೆಯಲ್ಲಿ ಮಲಗಿದೆ. ನೀನು ಆಗ ಮಸೂತಿಯ ಮುಂದೆ ಡ್ರಮ್ಮಿನ ಹತ್ತಿರ ಇದ್ದೆ. ಹಲಗೆಯ ಸದ್ದಿನಲ್ಲಿ ಆಟೋ ಹೋದದ್ದು ನಿನಗೆ ಕೇಳಿಸಿರಲಾರದು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ 'ಅಕ್ಕಾ' ಎಂಬ ನಿನ್ನ ಕೂಗು ಬಂತು. ಒಂದೇ ಸಲ, ಮೆಲ್ಲಗೆ. ಅಜ್ಜಿ ಮನೆಯಲ್ಲಿಲ್ಲ ಎಂದು ಹೇಳಲು ಎದ್ದು ಕೂತೆ, ಕಣ್ಣು ಕತ್ತಲೆ ಬಂದು ಹಾಗೇ ಒರಗಿದೆ. ಎಂದಿನಂತೆ ಉತ್ತರಕ್ಕೆ ಕಾಯದೆ ನೀನು ಹೋದೆ.

ಕುರುಗೋಡಿನಲ್ಲಿ ಸಲೈನು ಹಾಕಿ ಬಳ್ಳಾರಿಗೆ ಕಳಿಸಿದರು. ಕೋಳೂರು ದಾಟುವಷ್ಟರಲ್ಲಿ ಅಜ್ಜಿ ಮುಗಿದಿದ್ದಳು. ಅವತ್ತು ಸಂಜೆಯಿಂದ ಓಣಿಯ ಮನೆಮನೆಯಲ್ಲೂ ವಾಂತಿ ಭೇದಿ. ಹಲಗೆಯ ಸದ್ದು ನಿಂತದ್ದೂ, ಪೀರಲ ದೇವರುಗಳು ಹೊಳೆಗೆ ಹೋಗಿ ಬಂದದ್ದೂ ಯಾರಿಗೂ ಗೊತ್ತಾಗಲಿಲ್ಲ. ಅಜ್ಜಿಯನ್ನು ಮಣ್ಣು ಮಾಡುವಾಗ ನೀನು ದೂರದಲ್ಲಿ ನಿಂತಿದ್ದೆ. ಅಲ್ಲಿಂದ ನೇರವಾಗಿ ಅಂಜಿನೇಯ ಮಾವನ ಮನೆಗೆ ಹೋಗಿ, ಅವನ ಸಣ್ಣ ಮಗಳು ಭೂಮಿಕಾಳ ತಲೆಯ ಹತ್ತಿರ ಕೂತವಳು, ಆ ಮಗುವಿನ ಉಸಿರು ನಿಲ್ಲುವ ತನಕ ಏಳಲಿಲ್ಲ. ಆ ದಿನಗಳಲ್ಲಿ ನಿನ್ನ ಹಿತ್ತಲಿಗೆ ನೀನು ಬರಲೇ ಇಲ್ಲ. ಗೋಡೆಯ ಮೇಲೆ ಏನಿದೆ ಎಂದು ನೀನು ನೋಡಲಿಲ್ಲ.

ನಾನು ನೋಡಿದೆ. ಮಣ್ಣು ಮಾಡಿ ಬಂದ ಮೇಲಿನ ಒಂದು ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದರೆ ಗೋಡೆಯ ಮೇಲೆ ಇರುವೆಗಳ ಸಾಲು. ಸಾಲಿನ ಕೊನೆಯಲ್ಲಿ ಅಜ್ಜಿಯ ಚೊಂಬು. ಬೇವಿನ ತೊಪ್ಪಲು ಒಣಗಿ ಅದರ ಬಾಯಿಗೆ ಅಂಟಿತ್ತು. ತೆಗೆದು ನೋಡಿದೆ. ಶರಬತ್ತು ಕಂಠದ ತನಕ ಇತ್ತು, ಅವ್ವ. ಮೇಲೆ ಸತ್ತ ಇರುವೆಗಳ ಕಪ್ಪು ಕೆನೆ. ಅದನ್ನು ಬೇವಿನ ಬುಡಕ್ಕೆ ಚೆಲ್ಲಿ, ಚೊಂಬು ತೊಳೆದು ಒಳಗಿಟ್ಟೆ. ನಿನಗೆ ಹೇಳಬೇಕು ಎಂದು ನನಗೆ ಹೊಳೆಯಲಿಲ್ಲ. ನೀನು ಅದನ್ನು ತುಂಬಿದಾಗ ಆಕೆ ಊರಲ್ಲೇ ಇರಲಿಲ್ಲ, ಇದರಲ್ಲಿ ಹೇಳುವುದೇನಿದೆ ಎಂದುಕೊಂಡೆ. ಆಮೇಲೆ ಎಂದೋ ನೀನು ಹಿತ್ತಲಿಗೆ ಬಂದಾಗ ಕಂಡದ್ದು ಬರೀ ಗೋಡೆ. ಚೊಂಬು ಇಲ್ಲ ಎಂದರೆ ಆಕೆ ಕುಡಿದು ಒಳಗೆ ಒಯ್ದಳು ಎಂದು ತಿಳಿದೆ. ಪ್ರತಿವರ್ಷ ಹಾಗೇ ಆಗುತ್ತಿತ್ತಲ್ಲ. ಆಕೆಯನ್ನು ಯಾವ ಹೊತ್ತಿಗೆ ಒಯ್ದರು ಎಂದು ನಿನಗೆ ಯಾರೂ ಹೇಳಿರಲಿಲ್ಲ.

ಇನ್ನು ಮಸೂತಿ ಕಟ್ಟೆಯ ಆ ದಿನ. ಆರೋಗ್ಯದವರು ಬಂದು ಬ್ಲೀಚಿಂಗ್ ಪುಡಿ ಚೆಲ್ಲಿ, ಮಾತ್ರೆ ಹಂಚುತ್ತಿದ್ದರು. ಎಲ್ಲರ ಮುಂದೆ ಗಿಡ್ಡಮ್ಮ ಕೂಗಿದಳು: 'ಪುಡಿ ಚೆಲ್ಲಿದ್ರ ಏನು ಬಂತ್ರಿ? ಎಲ್ಲಾ ಆಕಿ ಕೈ ಶರಬತ್ತು ಕುಡದ ಬಿದ್ದಾರ. ಬೆಲ್ಲದಾಗ ಏನ ಇತ್ತೋ, ಆಕಿ ಮನಸಿನಾಗ ಏನ ಇತ್ತೋ!' ಆಗ ಸಕ್ಕರೆ ಕಾಯಿಲೆಯ ಹೊನ್ನೂರಪ್ಪ ಮಾವ, ಎರಡು ದಿನ ಸಲೈನು ಹಾಕಿಸಿಕೊಂಡು ಬಂದವನು, ಗೋಡೆ ಹಿಡಿದು ಎದ್ದು ನಿಂತು, 'ನಾ ಶರಬತ್ತು ಮುಟ್ಟಿಲ್ಲಲೇ, ನನಗ ಯಾಕ ಹತ್ತಿತು?' ಎಂದ. ಅವನ ಹೆಂಡತಿಯೇ, 'ಕದ್ದು ಕುಡದಿರತೀ, ನಿನ್ನ ಬಾಯಿ ನನಗ ಗೊತ್ತಿಲ್ಲೇನ?' ಎಂದಳು. ಆ ಹೊತ್ತಲ್ಲೂ ನಾಲ್ಕು ಜನ ನಕ್ಕರು. ಅವನ ಮಾತು ನಗೆಯಲ್ಲಿ ಹೋಯಿತು.

ಆಗ ನಮ್ಮ ಅಪ್ಪ ಮಾತಾಡಿದ. ಬೋಳಿಸಿದ ತಲೆ, ಅತ್ತು ಬಾತ ಕಣ್ಣು. ನಮ್ಮಪ್ಪ ದೊಡ್ಡಬಸವರಾಜ ಜಗಳಕ್ಕೆ ನಿಂತರೆ ಓಣಿ ಸುಮ್ಮನಾಗುತ್ತದೆ. 'ಏ ಗಿಡ್ಡಮ್ಮಾ, ನಾಲಿಗಿ ಬಿಗಿ ಹಿಡಿ. ನಮ್ಮವ್ವ ಲಿಂಗ ಕಟ್ಟಿದಾಕಿ. ಜೀವ ಇರೋತನಕ ಹೊರಗಿಂದು ಒಂದು ಹನಿ ಮುಟ್ಟಿದಾಕಿ ಅಲ್ಲ, ಊರಿಗೇ ಗೊತ್ತೈತಿ. ಆಕಿ ಶರಬತ್ತು ಕುಡದಿಲ್ಲ, ಆದ್ರೂ ಸತ್ತಾಳ. ಇದಕ್ಕೇನಂತಿ? ಇಮಾಂಬಿದು ತಪ್ಪಿಲ್ಲ. ತಪ್ಪು ನೀರಿಂದು.' ಗಿಡ್ಡಮ್ಮ ಬಾಯಿ ಮುಚ್ಚಿದಳು. ಜನ ತಲೆಯಾಡಿಸಿದರು. ನಿನ್ನನ್ನು ಉಳಿಸಿದೆ ಎಂಬ ನೆಮ್ಮದಿಯಲ್ಲಿ ಅಪ್ಪ ನಿನ್ನ ಕಡೆ ನೋಡಿದ. ನೀನು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದೆ. ಗಿಡ್ಡಮ್ಮ ಬೈದಾಗ ಅಲುಗದ ನಿನ್ನ ಮುಖ, ಅಪ್ಪ ನಿನ್ನ ಪರ ಮಾತಾಡಿದ ಮೇಲೆ ಸುಣ್ಣದ ಹಾಗಾಯಿತು. ನಾನು ಅದನ್ನು ನೋಡಿದೆ. ಹೆದರಿಕೆ ಎಂದುಕೊಂಡೆ. ಅಪ್ಪನ ಒಂದೊಂದು ಮಾತೂ ನಿನಗೆ ಹೇಗೆ ಕೇಳಿಸಿರಬಹುದು ಎಂದು ಈಗ ತಿಳಿಯುತ್ತದೆ. ಆಕೆ ಕುಡಿದಿಲ್ಲ ಎಂಬುದೇ ನಿನ್ನ ಬಿಡುಗಡೆಯಾಗಿತ್ತು. ಆಕೆ ಕುಡಿಯುತ್ತಾಳೆ ಎಂದು ಬಲ್ಲವಳು ಆ ಗುಂಪಿನಲ್ಲಿ ನೀನೊಬ್ಬಳೇ ಎಂದು ನೀನು ತಿಳಿದಿದ್ದೆ. ಬಾಯಿಬಿಟ್ಟರೆ ಸತ್ತವಳ ನೇಮ ಹೋಗುತ್ತದೆ, ಬಿಡದಿದ್ದರೆ ಎದೆ ಸುಡುತ್ತದೆ. ನೀನು ಚೆನ್ನಕ್ಕನ ಮಾನ ಉಳಿಸಿದೆ. ಅಲ್ತಾಫ್ ಕಾಕಾ ಬಂದು ಕರೆದ ಕೂಡಲೇ ಮನೆಗೆ ಬೀಗ ಹಾಕಿ ಬಳ್ಳಾರಿಗೆ ಹೋದೆ. ಗಿಡ್ಡಮ್ಮನ ಬಾಯಿಗೆ ಅಂಜಿ ಹೋದಳು ಎಂದು ಊರು ಅಂದಿತು. ನಾನೂ ಹಾಗೇ ಅಂದುಕೊಂಡೆ.

ಭೂಮಿಕಾಳ ಬಗ್ಗೆಯೂ ನೀನು ಕೇಳುತ್ತೀ ಎಂದು ಗೊತ್ತು. ಅಲ್ಲಿ ನಿನಗೆ ಸುಳ್ಳು ಹೇಳಲಾರೆ ಅವ್ವ. ಆ ಮಗು ಡ್ರಮ್ಮಿನ ಹತ್ತಿರ ಬಂದು 'ಇನ್ನೊಂದು, ಇನ್ನೊಂದು' ಎಂದು ಗಿಲಾಸು ಒಡ್ಡಿದ್ದನ್ನು ಎಲ್ಲರೂ ನೋಡಿದ್ದಾರೆ. ನಿನ್ನ ಡ್ರಮ್ಮಿನಲ್ಲಿದ್ದದ್ದೂ ಅದೇ ಮುನ್ನಾದಿನದ ನೀರು. ಮಗುವಿನ ಮನೆಯ ಕೊಡದಲ್ಲಿದ್ದದ್ದೂ ಅದೇ. ಅವಳನ್ನು ಒಯ್ದದ್ದು ಯಾವ ಗಿಲಾಸು ಎಂದು ಯಾರೂ ಹೇಳಲಾರರು, ಆ ತಾಯಿಯೂ ಕೂಡ. ಇದು ನಿನ್ನ ಎದೆಯಲ್ಲಿ ಉಳಿಯುತ್ತದೆ. ಉಳಿಯಲಿ ಎಂದು ನಾನು ಹೇಳಲಾರೆ, ತೆಗೆದುಬಿಡು ಎಂದೂ ಹೇಳಲಾರೆ. ನೀನು ಆ ನೀರಿಗೆ ಹಾಕಿದ್ದು ಬೆಲ್ಲ, ಸೋಂಪು, ಏಲಕ್ಕಿ. ಉಳಿದದ್ದನ್ನು ಹಾಕಿದ್ದು ನಮ್ಮೆಲ್ಲರ ಗುಂಡಿಗಳು, ನಮ್ಮೆಲ್ಲರ ಮೋಟಾರುಗಳು, ಅವುಗಳನ್ನು ನೋಡಿಯೂ ನೋಡದೆ ಹೋದವರ ವರ್ಷಗಳು. ನೀರಿನ ಸ್ಯಾಂಪಲ್ಲನ್ನು ಆರೋಗ್ಯದವರು ತುಂಬಿಕೊಂಡು ಹೋದದ್ದು ಟ್ಯಾಂಕಿನಿಂದ, ಔಷಧಿ ಹಾಕಿದ ಮೇಲೆ. ಅದರಲ್ಲಿ ಏನೂ ಸಿಗಲಿಲ್ಲವಂತೆ. ಗುಂಡಿಯಿಂದ ಯಾರೂ ತುಂಬಲಿಲ್ಲ.

ಊರು ಈಗ ಹೇಗಿದೆ ಎಂದರೆ, ಹಾಗೇ ಇದೆ. ಒಂದು ವಾರ ಟ್ಯಾಂಕರು ಬಂತು. ಕಾಯಿಸಿ ಕುಡಿಯಿರಿ ಎಂದು ಆಟೋದಲ್ಲಿ ಕೂಗಿದರು. ಎಲ್ಲರೂ ಕಾಯಿಸಿದರು, ಆಮೇಲೆ ಸೌದೆ, ಸಿಲಿಂಡರು ಎಂದು ಒಂದೊಂದೇ ಮನೆ ಬಿಟ್ಟಿತು. ಫಿಲ್ಟರ್ ನೀರಿನ ಘಟಕದ ಬಾಗಿಲಿಗೆ ಜಂಗು ಹಿಡಿದ ಬೀಗವಿದೆ. ನೀರು ಬಾರದ ಹೊಸ ನೀಲಿ ಪೈಪುಗಳು ಮನೆಮುಂದೆ ತಲೆಯೆತ್ತಿ ನಿಂತಿವೆ, ಎಮ್ಮೆಗಳು ಅವಕ್ಕೆ ಮೈ ಉಜ್ಜುತ್ತವೆ. ಅಜ್ಜಿಯ ದಿನಕರ್ಮದ ದಿನ ಅಪ್ಪ ನಮ್ಮ ಗುಂಡಿಗೆ ಮಣ್ಣು ತುಂಬಿ, ಮೋಟಾರು ಬಿಚ್ಚಿ ಮಾಳಿಗೆಗೆ ಹಾಕಿದ. ಓಣಿಯವರು ನೋಡಿದರು, ಒಬ್ಬರೂ ಹಾಗೆ ಮಾಡಲಿಲ್ಲ. ನಮ್ಮ ಮನೆಗೆ ನೀರು ಬರುವುದು ನಿಂತಿತು. ಅಮ್ಮ ಬೇರೆಯವರ ಗುಂಡಿಯಿಂದ ಕೊಡ ಹೊತ್ತಳು. ಒಂದು ದಿನ ಜಾರಿಬಿದ್ದು ಕೈ ಮುರಿದುಕೊಂಡಳು. ಅಪ್ಪ ಮಾಳಿಗೆ ಹತ್ತಿ ಮೋಟಾರು ಇಳಿಸಿದ. ಈಗ ನಮ್ಮ ಮನೆಯಲ್ಲಿ ಕುದಿಸದ ನೀರನ್ನು ಯಾರೂ ಕುಡಿಯುವುದಿಲ್ಲ. ನಾವು ಮಾಡಲು ಸಾಧ್ಯವಾದದ್ದು ಅಷ್ಟೇ.

ಪೀರಲ ಹಬ್ಬ ಮತ್ತೆ ಬರುತ್ತಿದೆ. ಕ್ಯಾನ್ ನೀರು ತರಿಸಿ ಶರಬತ್ತು ಮಾಡಿಸುತ್ತಾರಂತೆ. ಮಸೂತಿಯ ಮುಜಾವರ ಮಾಬುಸಾಬ್ ತಾತ ಮೊನ್ನೆ ನಮ್ಮ ಕಟ್ಟೆಯ ಮೇಲೆ ಕೂತು, 'ಇಮಾಂಬಿ ಇಲ್ದ ಶರಬತ್ತು ಅಂದ್ರ ಅದು ಬೆಲ್ಲ ತೊಳೆದ ನೀರು' ಎಂದ. ಬಾ ಎಂದು ನಾನು ಕರೆಯುವುದಿಲ್ಲ. ಬಂದು ಮತ್ತೆ ಡ್ರಮ್ಮಿನ ಮುಂದೆ ನಿಲ್ಲು ಎಂದು ಹೇಳಲು ನಾನು ಯಾರು? ಒಂದು ಮಾತ್ರ ಬೇಕು. ನಿನ್ನ ಬಾಗಿಲಿಗೆ ಬಂದವರಿಗೆ ನೀನು ಮತ್ತೆ ನೀರು ಕೊಡಬೇಕು.

ಖುಷ್ಬೂ, ಈಗ ಗಂಟು ಬಿಚ್ಚು.

ಅವ್ವ, ಇದು ನಿನಗೆ ಪರಿಚಯದ ಚೊಂಬು. ಹೊರಗೆ ಹುಣಸೆಹಣ್ಣು ಹಚ್ಚಿ ಬೆಳಗಿದ್ದೇನೆ. ಒಳಗೆ ಬೆಳಗಿಲ್ಲ. ಕಂಠ ಸಣ್ಣದು, ನನ್ನ ಕೈ ಹೋಗುವುದಿಲ್ಲ. ಅಜ್ಜಿ ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನಿಂದ ಬೆಳಗುತ್ತಿದ್ದಳು, ನನಗೆ ಅದು ಬರುವುದಿಲ್ಲ. ಅವತ್ತು ಶರಬತ್ತು ದಿನಗಟ್ಟಲೆ ನಿಂತಿತ್ತಲ್ಲ, ಅದರ ಕರಿ ಗೆರೆ ಒಳಗೆ ಸುತ್ತಲೂ ಕೂತಿದೆ. ನಿನ್ನ ಕಣ್ಣಿಗೆ ಕಾಣಲಿಕ್ಕಿಲ್ಲ. ಖುಷ್ಬೂ, ಅಜ್ಜಿಯ ಬೆರಳು ಹಿಡಿದು ಚೊಂಬಿನ ಬಾಯಿಯೊಳಗೆ ಇಡು. ಬಾಯಿಯಿಂದ ಸ್ವಲ್ಪ ಕೆಳಗೆ, ಕಂಠದಲ್ಲೇ, ಗರಗರ ಹತ್ತುತ್ತದೆ. ಹತ್ತಿತೇ ಅವ್ವ? ನೀನು ಯಾವಾಗಲೂ ಸುರಿಯುತ್ತಿದ್ದದ್ದು ಅಲ್ಲಿಯವರೆಗೆ. ಬೆರಳನ್ನು ಎಷ್ಟು ಕೆಳಗೆ ಒಯ್ದರೂ ಇನ್ನೊಂದು ಗೆರೆ ಸಿಗುವುದಿಲ್ಲ. ನಮ್ಮ ಅಜ್ಜಿ ಅದರಲ್ಲಿ ಒಂದು ಗುಟುಕೂ ಕುಡಿದಿಲ್ಲ.

ಚೊಂಬು ನಿನ್ನ ಹತ್ತಿರವೇ ಇರಲಿ. ಅದರ ಒಳಗನ್ನು ಬೆಳಗಬೇಡ. ಕುಡಿಯುವ ನೀರನ್ನು ಕುದಿಸು, ಆರಿಸು, ಆಮೇಲೆ ಕುಡಿ, ಕುಡಿಸು. ನಿನ್ನ ಕೈಯ ನೀರು ಕುಡಿದವರು ತಣ್ಣಗಿರಲಿ. ಮುಂದಿನ ಸಲ ಪರೀಕ್ಷೆಗೆ ಬಳ್ಳಾರಿಗೆ ಬಂದಾಗ ನಿನ್ನ ಚಾಪೆಯ ಮೇಲೆ ಬಂದು ಕೂರುತ್ತೇನೆ. ಬಾಯಿಬಿಟ್ಟು ಕೇಳಲು ನನಗೆ ಬರುವುದಿಲ್ಲ, ಆದರೆ ಬಾಯಾರಿರುತ್ತೇನೆ.

ಗೋಡೆಯ ಈಚೆಯಿಂದ,
ನಿನ್ನ ಚೆನ್ನಕ್ಕನ ಮೊಮ್ಮಗಳು
ಹೇಮಾ